‘ಗೈಡ್ ಖಾಲಿ ಇಲ್ಲ’ ಅಂದ್ರೆ ಏನರ್ಥ?

ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಮುಗಿಸಿದ, ಓದ್ತಿರೋ ನಮ್ಮ ಹುಡುಗ ಹುಡುಗಿಯರಿಗೆ ಕಳಿಸಿ.

ಹೋದ ವಾರ ಹಳಿಯಾಳ ಕಡೆಯ ಒಬ್ಬ ತಂಗಿ ಫೋನ್ ಮಾಡಿದ್ಲು. ಅವಳ ಹೆಸರು ಬೇಡ, ಯೂನಿವರ್ಸಿಟಿ ಹೆಸರೂ ಬೇಡ, ಅವಳು ಇನ್ನೂ ಅಲ್ಲೇ ಅರ್ಜಿ ಹಾಕಬೇಕು. ಅಪ್ಪ ಗೌಂಡಿ, ಅವ್ವ ಅಂಗನವಾಡಿ ಸಹಾಯಕಿ. ಎಂಎಸ್ಸಿ ಫಸ್ಟ್ ಕ್ಲಾಸ್. ಸಿಎಸ್‌ಐಆರ್ ನೆಟ್‌ನಲ್ಲಿ ಪಿಎಚ್‌ಡಿ ಪ್ರವೇಶದ ಅರ್ಹತೆ ಸಿಕ್ಕಿದೆ. ಸಂದರ್ಶನಕ್ಕೆ ಹೋದ್ಲು. ಮೊದಲ ಪ್ರಶ್ನೆ, "ಯಾವೂರು?" ಎರಡನೇದು, "ಅಪ್ಪ ಏನ್ ಮಾಡ್ತಾರೆ?" ಮೂರನೇದು, "ನಾಲ್ಕೈದು ವರ್ಷ ಲ್ಯಾಬಲ್ಲಿ ನಿಲ್ಲೋಕೆ ನಿನ್ನಿಂದ ಆಗತ್ತಾ?" ಕೆಮಿಸ್ಟ್ರಿ ಬಗ್ಗೆ ಕೇಳಿದ್ದು ಎರಡೇ ಪ್ರಶ್ನೆ. ಹತ್ತು ದಿನ ಬಿಟ್ಟು ವಿಚಾರಿಸಿದ್ರೆ ಆಫೀಸಿನವರು ಹೇಳಿದ್ದು ಒಂದೇ ಮಾತು: "ಗೈಡ್ ಖಾಲಿ ಇಲ್ಲಮ್ಮ. ಮುಂದಿನ ವರ್ಷ ನೋಡು."

"ಅಣ್ಣಾ, ನಾನು ಫೇಲ್ ಆದೆ ಏನು?" ಅಂದ್ಲು.

ಇಲ್ಲ ತಂಗಿ. ಫೇಲ್ ಆಗಿದ್ರೆ ಎಷ್ಟು ಅಂಕ ಬಂತು ಅಂತ ಒಂದು ಹಾಳೆ ಕೈಗೆ ಕೊಡ್ತಿದ್ರು. ನಿನಗೆ ಹಾಳೆನೂ ಕೊಟ್ಟಿಲ್ಲ. ಬಾಯಿಮಾತಲ್ಲಿ ವಾಪಸ್ ಕಳಿಸಿದ್ದಾರೆ. ನಾನು ಇವತ್ತು ಬರೀತಿರೋದು ಈ ಬಾಯಿಮಾತಿನ ಬಗ್ಗೆ.

"ಮುಂದಿನ ವರ್ಷ ನೋಡು" ಅನ್ನೋದು ಎಷ್ಟು ಸಲೀಸು ನೋಡಿ. 2024ರಿಂದ ಯುಜಿಸಿ ನೆಟ್ ಫಲಿತಾಂಶವನ್ನ ಮೂರು ಹಂತ ಮಾಡಿದೆ. ಮೊದಲ ಹಂತದವರಿಗೆ ಜೆಆರ್‌ಎಫ್, ತಿಂಗಳಿಗೆ 37,000 ರೂಪಾಯಿ. ಎರಡನೇ ಹಂತ, ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆ ಮತ್ತು ಪಿಎಚ್‌ಡಿ ಪ್ರವೇಶ. ಮೂರನೇದು ಬರೀ ಪಿಎಚ್‌ಡಿ ಪ್ರವೇಶ. ಈ ಎರಡೂ ಹಂತಕ್ಕೆ ಜೆಆರ್‌ಎಫ್ ದುಡ್ಡಿಲ್ಲ. ಮೇಲಿಂದ, ಪ್ರವೇಶಕ್ಕೆ ಆ ಅಂಕ ನಡೆಯೋದು ಒಂದೇ ವರ್ಷ. ಅಂದ್ರೆ ಈ ಸಲ ಸಂದರ್ಶನದಲ್ಲಿ ತಪ್ಪಿಸಿದ್ರೆ ಮತ್ತೆ ಮೊದಲಿಂದ 200 ಅಂಕದ ಪರೀಕ್ಷೆ, ಮತ್ತೆ ಮೂರು ತಾಸು, ತಪ್ಪು ಉತ್ತರಕ್ಕೆ ಮತ್ತೆ ಅಂಕ ಕಡಿತ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹಿಂದಿ ಮನೆಮಾತಿನ ಹುಡುಗನಿಗೆ ಅವನ ಭಾಷೆ ಇದೆ, ಪಿಯುಸಿ ತನಕ ಕನ್ನಡದಲ್ಲೇ ಯೋಚನೆ ಮಾಡಿದ ನಮ್ಮ ತಂಗಿಗೆ ಇಲ್ಲ.

ಆ ಒಂದು ವರ್ಷ ಅವಳು ಏನು ಮಾಡಬೇಕು? ಗೌಂಡಿ ಮನೆಯಲ್ಲಿ ಎಂಎಸ್ಸಿ ಮುಗಿಸಿದ ಮಗಳು ಸುಮ್ಮನೆ ಕೂತು ಓದೋಕಾಗಲ್ಲ. ಗೋವಾದ ಔಷಧ ಕಂಪನಿಗೆ ಶಿಫ್ಟ್ ಕೆಲಸಕ್ಕೆ ಹೋಗ್ತಾಳೆ. ಇಲ್ಲಾ ಮದುವೆ ಮಾಡ್ತಾರೆ. ಮುಂದಿನ ವರ್ಷ ಯಾರೂ ಅವಳನ್ನ ತಡೆಯೋ ಅಗತ್ಯಾನೇ ಇರಲ್ಲ.

ಈಗ ನಿಯಮ ಏನಿದೆ ನೋಡೋಣ. ಈ ಎರಡು ಹಂತದವರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30. 2016ರ ನಿಯಮದಲ್ಲಿ ಪ್ರವೇಶ ಪರೀಕ್ಷೆ ಬರೀ ಅರ್ಹತೆಗೆ, ಆಯ್ಕೆ ಪೂರ್ತಿ ಸಂದರ್ಶನದ ಮೇಲೆ ಇತ್ತು. ಜೆಎನ್‌ಯುದಿಂದ ಹಿಡಿದು ವಿದ್ಯಾರ್ಥಿಗಳು ಬೀದಿಗೆ ಬಂದರು, 2018ರಲ್ಲಿ 70–30 ಆಯ್ತು. ಒಪ್ಪೋಣ, ಅದು ಗೆಲುವೇ. ಆದ್ರೆ ಒಂದು ಅಂಕದಲ್ಲಿ ಸೀಟು ಹೋಗೋ ಕಡೆ ಮುಚ್ಚಿದ ಬಾಗಿಲ ಹಿಂದಿನ 30 ಅಂಕ ಅಂದ್ರೆ ಕಡಿಮೆನಾ? "ಅಪ್ಪ ಏನ್ ಮಾಡ್ತಾರೆ" ಅನ್ನೋ ಪ್ರಶ್ನೆಗೆ ಆ 30ರಲ್ಲಿ ಎಷ್ಟು ಅಂಕ?

ಇನ್ನು ಗೈಡ್ ವಿಷಯ. ಯುಜಿಸಿಯ 2022ರ ನಿಯಮದಂತೆ ಒಬ್ಬ ಪ್ರೊಫೆಸರ್ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಜನರಿಗೆ ಗೈಡ್ ಆಗಬಹುದು. ಆದ್ರೆ ಕಾಯಂ ಅಧ್ಯಾಪಕರೇ ಆಗಬೇಕು. ನಮ್ಮ ರಾಜ್ಯದ ಯೂನಿವರ್ಸಿಟಿಗಳಲ್ಲಿ ಕಾಯಂ ಹುದ್ದೆ ಖಾಲಿ ಬಿಟ್ಟು ಅತಿಥಿ ಉಪನ್ಯಾಸಕರಿಂದ ಪಾಠ ನಡೆಸ್ತಾರೆ. ಅತಿಥಿಗಳು ಗೈಡ್ ಆಗೋ ಹಾಗಿಲ್ಲ. ಹುದ್ದೆ ತುಂಬಲಿಲ್ಲ ಅಂದ್ರೆ ಗೈಡ್ ಇಲ್ಲ. ಗೈಡ್ ಇಲ್ಲ ಅಂದ್ರೆ ಸೀಟಿಲ್ಲ. ಸೀಟೇ ಇಲ್ಲ ಅಂದ್ಮೇಲೆ ಮೀಸಲಾತಿ ಯಾವುದರ ಮೇಲೆ ಕೊಡ್ತೀರಿ? 2022ರಲ್ಲಿ ರಾಜ್ಯದಲ್ಲಿ ಎಸ್‌ಸಿ ಮೀಸಲಾತಿ 15ರಿಂದ 17 ಆಯ್ತು, ಎಸ್‌ಟಿ 3ರಿಂದ 7 ಆಯ್ತು ಅಂತ ಫ್ಲೆಕ್ಸ್ ಹಾಕಿದ್ರಲ್ಲ, ಸೊನ್ನೆಗೆ ಶೇ. 17 ಅಂದ್ರೆ ಎಷ್ಟು ಅಂತಾನೂ ಅದೇ ಫ್ಲೆಕ್ಸಲ್ಲಿ ಬರೀಬೇಕಿತ್ತು.

ಇದು ಸಣ್ಣ ಯೂನಿವರ್ಸಿಟಿ ಕಥೆ, ದೊಡ್ಡ ಕಡೆ ಹಾಗಿಲ್ಲ ಅನ್ನೋರಿಗೆ ಲೆಕ್ಕ. ಬೆಂಗಳೂರಿನ ಐಐಎಸ್‌ಸಿಯಲ್ಲಿ 2016ರಿಂದ 2020ರವರೆಗೆ ಪಿಎಚ್‌ಡಿಗೆ ಸೇರಿದವರಲ್ಲಿ ಎಸ್‌ಸಿ ಸುಮಾರು ಶೇ. 9, ಎಸ್‌ಟಿ ಶೇ. 2.1. ದೇಶದ ಐಐಟಿಗಳಲ್ಲಿ 2015ರಿಂದ 2019ರವರೆಗೆ ಎಸ್‌ಸಿ ಶೇ. 9.1, ಎಸ್‌ಟಿ ಶೇ. 2.1. ಕಾನೂನು ಹೇಳೋದು 15 ಮತ್ತು 7.5. ನಮ್ಮ ಜಿಲ್ಲೆಯ ಸಿದ್ದಿಗಳು ಎಸ್‌ಟಿ ಪಟ್ಟಿಗೆ ಸೇರಿದ್ದೇ 2003ರಲ್ಲಿ. ಜೋಯಿಡಾದ ಕುಣಬಿಗಳು ಇವತ್ತಿಗೂ ಅದಕ್ಕಾಗಿ ಹೋರಾಡ್ತಿದ್ದಾರೆ. ಆ 2.1ರ ಒಳಗೆ ಹಳಿಯಾಳದ ಸಿದ್ದಿ ಹುಡುಗಿಯನ್ನ ಎಲ್ಲಿ ಹುಡುಕ್ತೀರಿ?

ಒಳಗೆ ಹೋದವರ ಕಥೆನೂ ಮರೀಬೇಡಿ. ಹೈದರಾಬಾದ್ ಸೆಂಟ್ರಲ್ ಯೂನಿವರ್ಸಿಟಿಯಲ್ಲಿ 2008ರಲ್ಲಿ ಫಿಸಿಕ್ಸ್ ಪಿಎಚ್‌ಡಿಯ ಸೆಂಥಿಲ್ ಕುಮಾರ್. 2013ರಲ್ಲಿ ಕೆಮಿಸ್ಟ್ರಿಯ ಮಾದರಿ ವೆಂಕಟೇಶ್. ಇಬ್ಬರೂ ಸೀಟು ಸಿಕ್ಕವರು, ಇಬ್ಬರಿಗೂ ಗೈಡ್ ಕೊಡದೆ ಕಾಯಿಸಿದ್ರು. ಇಬ್ಬರನ್ನೂ ಕಳಕೊಂಡ್ವಿ. 2016ರಲ್ಲಿ ರೋಹಿತ್ ವೇಮುಲ ಹೋದಾಗ ದೇಶ ಎದ್ದು ಕೂತಿತು. ಆದ್ರೆ "ಗೈಡ್ ಖಾಲಿ ಇಲ್ಲ" ಅನ್ನೋ ಮಾತು ಅದಕ್ಕೂ ಮೊದಲಿಂದ ನಮ್ಮ ಮಕ್ಕಳನ್ನ ತಿಂತಾ ಬಂದಿದೆ.

"ಮೆರಿಟ್ ಇದ್ರೆ ಯಾರ್ರೀ ತಡೀತಾರೆ?" ಅಂತ ಕಮೆಂಟ್ ಹಾಕೋಕೆ ಕೈ ತುರಿಸ್ತಿರೋರಿಗೆ ಒಂದು ಮಾತು. ನಮ್ಮಜ್ಜ ಚರ್ಮ ಹದ ಮಾಡ್ತಿದ್ದ. ಸುಣ್ಣದ ನೀರಲ್ಲಿ ಎಷ್ಟು ದಿನ ನೆನೆಸಿದ್ರೆ ಕೂದಲು ಬಿಡ್ತದೆ, ಅಳಲೆಕಾಯಿ ನೀರಲ್ಲಿ ಎಷ್ಟು ದಿನ ಇಟ್ರೆ ಚರ್ಮ ಕೊಳೆಯಲ್ಲ, ಕೈಯಲ್ಲಿ ಮುಟ್ಟಿ ಹೇಳ್ತಿದ್ದ. ಸುಣ್ಣ ಕ್ಷಾರ, ಅಳಲೆಕಾಯಲ್ಲಿರೋದು ಟ್ಯಾನಿನ್, ಅದು ಚರ್ಮದ ಕೊಲಾಜನ್ ಹಿಡಿದು ಗಟ್ಟಿ ಮಾಡ್ತದೆ. ಇದೇ ವಿದ್ಯೆಗೆ 1948ರಲ್ಲಿ ಮದ್ರಾಸಲ್ಲಿ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಶುರುವಾಯ್ತು. ಅಜ್ಜ ಮಾಡಿದ್ರೆ ಮೈಲಿಗೆ, ಬಿಳಿ ಕೋಟು ಹಾಕಿ ಮಾಡಿದ್ರೆ ಡಾಕ್ಟರೇಟ್. ಮೆರಿಟ್ ಯಾರ ಮನೆಯಿಂದ ಹೊರಟು ಯಾರ ಮನೆ ಸೇರಿತು, ನೀವೇ ಹೇಳಿ.

ನಮ್ಮ ಚಳವಳಿಗೂ ಒಂದು ಮಾತು, ಬೇಜಾರಾದ್ರೂ ಕೇಳಿಸ್ಕೊಳ್ಳಿ. ನಾವು ಕನ್ನಡದಲ್ಲಿ, ಸಮಾಜಶಾಸ್ತ್ರದಲ್ಲಿ, ಇತಿಹಾಸದಲ್ಲಿ ಡಾಕ್ಟರೇಟ್‌ಗಳನ್ನ ತಂದಿದ್ದೀವಿ, ಹೆಮ್ಮೆ ಇದೆ. ಲ್ಯಾಬ್ ಮಾತ್ರ ಅವರಿಗೇ ಬಿಟ್ಟುಕೊಟ್ವಿ. ಎಸ್‌ಸಿ ವಿದ್ಯಾರ್ಥಿಗಳ ರಾಷ್ಟ್ರೀಯ ಫೆಲೋಶಿಪ್ ವರ್ಷಕ್ಕೆ 2,000, ಅದರಲ್ಲಿ ವಿಜ್ಞಾನಕ್ಕೆ ಇಟ್ಟಿದ್ದು 500. ಯಾಕೆ ಅಂತ ನಾವು ಒಂದು ಧರಣಿ ಕೂತಿದ್ದೀವಾ? ದಾಂಡೇಲಿಯ ಮಕ್ಕಳಿಗೆ ಗಂಧಕದ ವಾಸನೆ ಸೂತ್ರ ಕಲಿಯೋಕೂ ಮೊದಲೇ ಗೊತ್ತು, ಕಾಗದ ಮಾಡೋ ಊರು ಅದು. ನಾಳೆ ಕಾಳಿ ನದಿ ನೀರಲ್ಲಿ ಏನಿದೆ ಅಂತ ವರದಿ ಬರೆಯೋರು ಯಾರು? ಆ ವರದಿಗೆ ಸಹಿ ಹಾಕೋ ಕೈ ನಮ್ಮದೂ ಆಗಬೇಕು. ಅದಕ್ಕೆ ಬೇಕು ಕೆಮಿಸ್ಟ್ರಿ ಪಿಎಚ್‌ಡಿ, ಹೆಸರಿನ ಮುಂದೆ ಡಾ. ಅಂತ ಹಾಕ್ಕೊಳ್ಳೋಕಲ್ಲ.

ಬಾಬಾಸಾಹೇಬರು 1928ರಲ್ಲಿ ದಲಿತ ವರ್ಗಗಳ ಶಿಕ್ಷಣ ಸಂಸ್ಥೆ ಕಟ್ಟಿದಾಗ ಹಾಸ್ಟೆಲ್ ಮಾಡಬೇಕು ಅಂತ ಆರಿಸಿದ ಐದು ಊರುಗಳಲ್ಲಿ ಧಾರವಾಡವೂ ಒಂದು. ದಾಂಡೇಲಿಯಿಂದ ಧಾರವಾಡಕ್ಕೆ ಸುಮಾರು 55 ಕಿಲೋಮೀಟರ್. ಕರ್ನಾಟಕ ವಿಶ್ವವಿದ್ಯಾಲಯ ಅಲ್ಲೇ ಇದೆ, 2016ರಿಂದ ಐಐಟಿನೂ ಇದೆ. ಬಸ್ಸಲ್ಲಿ ಎರಡು ತಾಸಿನೊಳಗೆ ಮುಟ್ಟೋ ಊರು, ಲ್ಯಾಬಿನ ಬಾಗಿಲು ಮುಟ್ಟೋಕೆ ಮಾತ್ರ ತೊಂಬತ್ತು ವರ್ಷ ಸಾಲಲಿಲ್ಲ.

ನಮ್ಮ ಬೇಡಿಕೆ ನಾಲ್ಕೇ.

1. ಸಂದರ್ಶನದ ಅಂಕವನ್ನ ಪ್ರತಿಯೊಬ್ಬರಿಗೂ ಬರವಣಿಗೆಯಲ್ಲಿ ಕೊಡಿ. ಸಂದರ್ಶನದ ವಿಡಿಯೋ ಇಡಿ.

2. ಯಾವ ಗೈಡ್ ಹತ್ತಿರ ಎಷ್ಟು ಜನ ಇದ್ದಾರೆ, ಎಷ್ಟು ಜಾಗ ಖಾಲಿ, ರೋಸ್ಟರ್ ಯಾವ ಬಿಂದುವಿನಲ್ಲಿದೆ ಅಂತ ಅರ್ಜಿ ಕರೆಯೋಕೂ ಮೊದಲೇ ವೆಬ್‌ಸೈಟಲ್ಲಿ ಹಾಕಿ. ಸೀಟುಗಳ ಸಂಖ್ಯೆ ಮುಂಚೆ ಪ್ರಕಟಿಸಬೇಕು ಅಂತ ಯುಜಿಸಿ ನಿಯಮವೇ ಹೇಳ್ತದೆ.

3. ತುಂಬದ ಎಸ್‌ಸಿ, ಎಸ್‌ಟಿ ಪಿಎಚ್‌ಡಿ ಸೀಟು ಮುಂದಿನ ವರ್ಷಕ್ಕೆ ಬ್ಯಾಕ್‌ಲಾಗ್ ಆಗಿ ಹೋಗಲಿ, ಮಾಯ ಆಗಬಾರದು.

4. ಖಾಲಿ ಇರೋ ಕಾಯಂ ಬೋಧಕ ಹುದ್ದೆ ತುಂಬಿ.

ಇನ್ನು ತಂಗಿಯರೇ, ತಮ್ಮಂದಿರೇ, ನಿಮಗೆ. ಒಂದೇ ಕಡೆ ಅರ್ಜಿ ಹಾಕಿ ಕಾಯಬೇಡಿ. ಅಧಿಸೂಚನೆಯ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಯಾರ ಕೆಲಸ ನಿಮಗೆ ಹಿಡಿಸ್ತದೋ ಆ ಅಧ್ಯಾಪಕರ ಪ್ರಬಂಧ ಓದಿ, ಮೊದಲೇ ಮೇಲ್ ಬರೀರಿ. ಅವರು "ಜಾಗ ಇದೆ" ಅಂದ್ರೆ ಆ ಮೇಲ್ ಜೋಪಾನ. ಸಂದರ್ಶನದಿಂದ ಹೊರಗೆ ಬಂದ ದಿನವೇ ಏನೇನು ಕೇಳಿದ್ರು ಅಂತ ತಾರೀಕು ಹಾಕಿ ಬರೆದಿಡಿ. "ಗೈಡ್ ಖಾಲಿ ಇಲ್ಲ" ಅಂದ್ರೆ, "ಸರ್, ಅದನ್ನೇ ಬರೆದು ಕೊಡಿ" ಅನ್ನಿ. ಕೊಡದಿದ್ರೆ ಹತ್ತು ರೂಪಾಯಿಯ ಆರ್‌ಟಿಐ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿ ಬರೆಯೋಕೆ ಬರಲ್ಲ ಅಂದ್ರೆ ನನಗೆ ಮೆಸೇಜ್ ಮಾಡಿ, ಕೂತು ಬರೆಯೋಣ.

ಆ ತಂಗಿ ನಿನ್ನೆ ಆರ್‌ಟಿಐ ಅರ್ಜಿ ಪೋಸ್ಟ್ ಮಾಡಿದ್ಲು. ರಸೀದಿ ಫೋಟೋ ಕಳಿಸಿ ಕೆಳಗೆ ಬರೆದಿದ್ಲು: "ಅಣ್ಣಾ, ಈ ಸಲ ಅವರು ಉತ್ತರ ಬರೀಲಿ."

ಉತ್ತರ ಬಂದ ದಿನ ಇಲ್ಲೇ ಹಾಕ್ತೀನಿ. ಬರದಿದ್ರೆ ಅದನ್ನೂ ಹಾಕ್ತೀನಿ.

ಜೈ ಭೀಮ್.