ಹಳೇ ಗಾಡಿ ಅಂತ ಗುಜರಿಗಾಕ್ಬೇಕಾ?

"ಹಳೇ ಗಾಡಿ ಕಣಣ್ಣ, ಗುಜರಿಗಾಕು" ಅನ್ನೋರನ್ನ ಕಂಡ್ರೆ ನಂಗೆ ಮೈ ಉರೀತದೆ.

ನಮ್ಮಪ್ಪನ ಯೆಜ್ಡಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೇದು. ಕಾರ್ಖಾನೆ 1996ರಲ್ಲೇ ಬಾಗ್ಲಾಕ್ತು, ಗಾಡಿ ಇನ್ನೂ ಓಡ್ತದೆ. ಹೋದ ಬೇಸ್ಗೇಲಿ ಅದಕ್ಕೊಂದು ಕಾಯಿಲೆ ಬಂತು. ಸಿಂಧಘಟ್ಟದಿಂದ ಕೆ.ಆರ್.ಪೇಟೆಗೆ ಹೊರಟ್ರೆ ಅರ್ಧ ದಾರೀಲಿ ಉಸಿರು ಕಟ್ದಂಗೆ ನಿಂತೋಗೋದು. ನೆಳ್ಳಲ್ಲಿ ಒಸಿ ಹೊತ್ತು ಬಿಟ್ಟು ಕಿಕ್ ಹೊಡುದ್ರೆ ಮತ್ತೆ ಸ್ಟಾರ್ಟು.

ಮೆಕ್ಯಾನಿಕ್ಕು ಯಾವಾಗ ನಿಲ್ತದೆ, ಹೆಂಗೆ ನಿಲ್ತದೆ ಅಂತ ಒಂದು ಮಾತೂ ಕೇಳ್ಲಿಲ್ಲ. ಪ್ಲಗ್ ಬದ್ಲಾಯ್ಸ್ದ, ಕಾರ್ಬೊರೇಟರ್ ಬದ್ಲಾಯ್ಸ್ದ, ಕೊನೇಗೆ ಬೋರ್ ಮಾಡಿಸ್ಬೇಕು ಅಂದ. ಅಷ್ಟರಲ್ಲಿ ಗುಜರಿಯವನು ಬಾಗ್ಲಿಗೇ ಬಂದು ರೇಟು ಹೇಳೋದ. ಅವ್ವ ಏನೂ ಮಾತಾಡ್ದೆ ಸೀಟು ಒರೆಸ್ತಾ ನಿಂತಿದ್ಳು.

ಮಾರನೇ ದಿನ ದಾರೀಲಿ ಮತ್ತೆ ನಿಂತಾಗ ನಾನೇ ಪ್ಲಗ್ ಬಿಚ್ಚಿ ಇಂಜಿನ್ನಿಗೆ ತಾಗ್ಸಿ ಕಿಕ್ ಹೊಡ್ದೆ. ಕಿಡಿ ನೀಲಿಗೆ ಚೆನ್ನಾಗೇ ಬಂತು. ಅಂದ್ಮೇಲೆ ಕಾಯಿಲು, ಕಂಡೆನ್ಸರು, ಪಾಯಿಂಟಿನ ತಪ್ಪಲ್ಲ. ಪ್ಲಗ್ ಮಾತ್ರ ಒಣಗಿತ್ತು, ಅಂದ್ರೆ ಪೆಟ್ರೋಲ್ ಬತ್ತಿಲ್ಲ. ಟ್ಯಾಂಕ್ ಮುಚ್ಚಳ ತಿರುಗ್ಸಿದ್ರೆ 'ಸುಸ್' ಅಂತು! ಮುಚ್ಚಳದ ಗಾಳಿ ತೂತು ಧೂಳು ಕಟ್ಕೊಂಡಿತ್ತು. ಒಳಕ್ಕೆ ಗಾಳಿ ಹೋಗದಿದ್ರೆ ಪೆಟ್ರೋಲ್ ಕೆಳಕ್ಕೆ ಇಳಿಯಲ್ಲ. ನಿಂತ್ಕಂಡಾಗ ನಿಧಾನಕ್ಕೆ ಗಾಳಿ ಸೇರ್ಕಂಡು ಮತ್ತೆ ಇಳೀತಿತ್ತು, ಅಷ್ಟೇ. ಪಿನ್ನಲ್ಲಿ ಚುಚ್ಚಿದೆ, ಖರ್ಚು ಸೊನ್ನೆ.

ಕಿಡಿ, ಪೆಟ್ರೋಲ್, ಗಾಳಿ ಮೂರನ್ನೂ ನೋಡ್ದೆ ಪಾರ್ಟ್ ಬದ್ಲಾಯ್ಸೋದು ರಿಪೇರಿಯಲ್ಲ ಕಣ್ರಪ್ಪಾ, ವ್ಯಾಪಾರ. ಗಾಡಿಗೆ ವಯಸ್ಸಾಗಿರೋದು ನಿಜ. ಅದನ್ನೇ ನೆಪ ಮಾಡ್ಕಂಡು ನೋಡೋ ಕೆಲ್ಸ ತಪ್ಪಿಸ್ಕೋಬ್ಯಾಡಿ.