ಪಂಚಭೂತಗಳೂ ರಾಕ್ ಗೋಷ್ಠಿಯೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸಂಗೀತಪ್ರಿಯರಾದ ಹಿರಿಯರಲ್ಲಿ ಒಂದು ಮಾತು ರೂಢವಾಗಿದೆ: ರಾಕ್ ಸಂಗೀತವೆಂಬುದು ಬರಿಯ ಗದ್ದಲ, ಪಂಚಭೂತಗಳಂತಹ ಗಂಭೀರವಸ್ತು ಅದಕ್ಕೆ ಎಟುಕತಕ್ಕುದಲ್ಲ, ಮುತ್ತುಸ್ವಾಮಿ ದೀಕ್ಷಿತರ ಪಂಚಭೂತಲಿಂಗ ಕೃತಿಗಳಿರುವಾಗ ಅನ್ಯವೇಕೆ? ಈ ಮಾತಿನ ಪೂರ್ವಾರ್ಧವು ಕೇಳದೆ ಆಡಿದುದು, ಉತ್ತರಾರ್ಧವು ದೀಕ್ಷಿತರನ್ನರಿಯದೆ ಆಡಿದುದು ಎಂಬುದೇ ನಮ್ಮ ವಾದ.

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ‘ಥ್ರೈಸ್’ ಎಂಬ ಗೋಷ್ಠಿಯು ‘ದಿ ಆಲ್ಕೆಮಿ ಇಂಡೆಕ್ಸ್’ ಎಂಬ ಗಾನಮಾಲಿಕೆಯನ್ನು ರಚಿಸಿತು. ಅದರ ಅಗ್ನಿ, ಜಲ ಭಾಗಗಳು 2007ರಲ್ಲಿಯೂ, ವಾಯು, ಪೃಥ್ವಿ ಭಾಗಗಳು 2008ರಲ್ಲಿಯೂ ಹೊರಬಂದವು. ಭಾಗಕ್ಕೆ ಆರರಂತೆ 24 ಹಾಡುಗಳು. ಅಗ್ನಿಯಲ್ಲಿ ವಿದ್ಯುತ್ ಗಿಟಾರುಗಳ ಆರ್ಭಟ. ಜಲದಲ್ಲಿ ಯಂತ್ರನಾದಗಳ ಮಂದಪ್ರವಾಹ. ಪೃಥ್ವಿಯಲ್ಲಿ ವಿದ್ಯುತ್ತಿನ ಹಂಗಿಲ್ಲದ ತಂತಿವಾದ್ಯ. ಪ್ರತಿ ಭಾಗದ ಕೊನೆಯ ಹಾಡು 14 ಪಾದಗಳ ಸುನೀತ; ಅಲ್ಲಿ ಆಯಾ ಭೂತವೇ ಮನುಷ್ಯನನ್ನು ಕುರಿತು ಮಾತನಾಡುತ್ತದೆ. ಛಂದಸ್ಸಿನ ಕಟ್ಟಿಗೆ ತಾವಾಗಿಯೇ ಒಳಪಟ್ಟವರನ್ನು ಗದ್ದಲಿಗರೆನ್ನುವುದು ನ್ಯಾಯವೆ?

ಪಂಡಿತರು ಇಲ್ಲೊಂದು ಆಕ್ಷೇಪವನ್ನೆತ್ತಬಹುದು. ಶಬ್ದವು ಆಕಾಶದ ಗುಣವೆಂದು ತಾರ್ಕಿಕರ ಮತ. ಆಕಾಶವನ್ನೇ ಬಿಟ್ಟ ಶಬ್ದಕೃತಿ ಎಂತಹುದು? ಆಕ್ಷೇಪವು ಚಮತ್ಕಾರವಾಗಿದೆ, ಸಾಧುವಲ್ಲ. ಅವರು ಅನುಸರಿಸಿದುದು ಗ್ರೀಕರ ಎಂಪೆಡೊಕ್ಲಿಸನ ಚತುರ್ಭೂತಕ್ರಮವನ್ನು. ನಮ್ಮ ಚಾರ್ವಾಕರೂ ನಾಲ್ಕನ್ನೇ ಒಪ್ಪಿದವರು. ಪರಮತವನ್ನು ಸ್ವಮತದ ಲೆಕ್ಕದಿಂದ ತೂಗುವುದು ವಾದದ ಮರ್ಯಾದೆಯಲ್ಲ.

ಇನ್ನು ದೀಕ್ಷಿತರ (1775–1835) ವಿಚಾರ. ಕಾಂಚಿಯ ಪೃಥ್ವಿಗೆ ಭೈರವಿ, ಜಂಬುಕೇಶ್ವರದ ಜಲಕ್ಕೆ ಯಮುನಾಕಲ್ಯಾಣಿ, ಅರುಣಾಚಲದ ತೇಜಸ್ಸಿಗೆ ಸಾರಂಗ, ಕಾಳಹಸ್ತಿಯ ವಾಯುವಿಗೆ ಹುಸೇನಿ, ಚಿದಂಬರದ ಆಕಾಶಕ್ಕೆ ಕೇದಾರ. ಹೀಗೆ ಭೂತಕ್ಕೊಂದು ರಾಗವನ್ನಾರಿಸಿದ ಆ ಮಹಾನುಭಾವರೇ ಆಂಗ್ಲರ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ ನೋಟ್ಟುಸ್ವರಗಳನ್ನೂ ರಚಿಸಿದರು. ‘ಸಂತತಂ ಪಾಹಿ ಮಾಂ’ ಎಂಬುದು ಆಂಗ್ಲರ ರಾಜಗೀತೆಯ ಮಟ್ಟಿನದು. ಅವರ ತಮ್ಮ ಬಾಲುಸ್ವಾಮಿಗಳು ಪಿಟೀಲನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಆ ಮನೆತನದ ಹೆಸರನ್ನು ಹಿಡಿದು ಪರಸಂಗೀತಕ್ಕೆ ಕಿವಿ ಮುಚ್ಚುವುದು ಎಂತಹ ಗುರುಭಕ್ತಿ?

ದೂರದ ಮಾತೇಕೆ? ನಮ್ಮ ನಾಡಿನ ‘ಸ್ವರಾತ್ಮ’ ಗೋಷ್ಠಿಯು 2009ರ ತನ್ನ ಮೊದಲ ಗಾನಸಂಪುಟದಲ್ಲಿ ಕನ್ನಡದ ‘ಈ ಭೂಮಿ’ಯನ್ನೂ, ಕಾವೇರಿಯ ಅಳಲನ್ನು ವಸ್ತುವಾಗುಳ್ಳ ‘ಪ್ಯಾಸಿ’ ಎಂಬ ಹಿಂದಿ ಹಾಡನ್ನೂ ಹಾಡಿತು. ಆರ್. ಕೆ. ಶ್ರೀಕಂಠನ್ (1920–2014) ಅವರಂತಹ ಗಾಯಕರನ್ನಿತ್ತ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವು ಅದೇ ಕಾವೇರಿಯ ದಡದ್ದು. ಹೊಳೆನರಸೀಪುರವನ್ನು ಮುಟ್ಟಿ ಹರಿಯುವ ಹೇಮಾವತಿಯು ಸೇರುವುದೂ ಅದನ್ನೇ. ‘ಜಂಬೂಪತೇ’ ಕೇಳಿ ತಲೆದೂಗಿದವರೇ ಸಭೆ ಮುಗಿದೊಡನೆ ಎಂಜಲೆಲೆಯನ್ನೂ ಪ್ಲಾಸ್ಟಿಕ್ ಲೋಟವನ್ನೂ ಹೊಳೆಗೆ ಎಸೆಯುವರಾದರೆ, ಜಲದೇವತೆಯು ಅವರ ರಸಿಕತೆಯನ್ನು ಮೆಚ್ಚುವಳೆ? ಅವಳ ಬಾಯಾರಿಕೆಯನ್ನು ಹಾಡಿದ ಹುಡುಗರನ್ನು ಮೆಚ್ಚುವಳೆ?

ಮಕ್ಕಳು ಸಭೆಗಳಿಗೆ ಬಾರರೆಂದು ಗೋಳಿಡುವ ಮಹನೀಯರು, ಆ ಮಕ್ಕಳು ಕೇಳುವುದನ್ನು ಒಮ್ಮೆಯಾದರೂ ಪಕ್ಕದಲ್ಲಿ ಕುಳಿತು ಕೇಳಿರುವರೆ? ಆದುದರಿಂದ ನಮ್ಮ ತಾಲ್ಲೂಕುಗಳ ಸಂಗೀತಸಭೆಗಳಲ್ಲಿ ಬಿನ್ನಹವಿಷ್ಟೆ: ಒಂದು ಸಂಜೆ ದೀಕ್ಷಿತರ ಐದು ಕೃತಿಗಳನ್ನೂ ಹಾಡಿಸಲಿ; ಬಳಿಕ ಥ್ರೈಸಿನ ಜಲಭಾಗವನ್ನೂ ‘ಪ್ಯಾಸಿ’ಯನ್ನೂ ಕೇಳಿಸಲಿ; ಹಿರಿಯರೂ ಕಿರಿಯರೂ ಒಂದೇ ಜಮಖಾನದ ಮೇಲೆ ಕುಳಿತುಕೊಳ್ಳಲಿ. ಕೇಳಿ ಖಂಡಿಸುವವರೊಡನೆ ವಾದಿಸೋಣ. ಕೇಳದೆ ಖಂಡಿಸುವವರಿಗೆ ಶಾಸ್ತ್ರದಲ್ಲಿಯೂ ಉತ್ತರವಿಲ್ಲ.