ಗೋಡೆ ನಿಮ್ಮದು ಸರಿ, ಓಣಿ ಯಾರದು?

ಹೋದ ವಾರ ನಮ್ಮ ಮನೆ ಮುಂದಿನ ಓಣಿಯನ್ನು ಟೇಪು ಹಿಡಿದು ಅಳೆದೆ. ನಮ್ಮ ಹಳೇ ಗೋಡೆಯಿಂದ ಎದುರು ಮನೆಯ ಹಳೇ ಗೋಡೆಗೆ 11 ಅಡಿ. ಆದರೆ ಓಡಾಡಲು ಉಳಿದಿರುವುದು 6 ಅಡಿ. ಉಳಿದ 5 ಅಡಿ ಎಲ್ಲಿ ಹೋಯಿತು? ಎರಡೂವರೆ ಅಡಿ ಎದುರು ಮನೆಯವರ ಮೆಟ್ಟಿಲಿಗೆ ಹೋಗಿದೆ. ಇನ್ನೆರಡೂವರೆ ಅಡಿ ನಮ್ಮ ಮನೆಯ ಮೆಟ್ಟಿಲಿಗೆ ಹೋಗಿದೆ.

ಅಳೆಯುವ ಬುದ್ಧಿ ಸುಮ್ಮನೆ ಬರಲಿಲ್ಲ. ಓಣಿಯ ಕೊನೆ ಮನೆಯ ದೊಡ್ಡವ್ವಗೆ ಒಂದು ರಾತ್ರಿ ಎದೆನೋವು ಬಂತು. 108ಕ್ಕೆ ಫೋನ್ ಮಾಡಿದೆವು. ಗಾಡಿ ಬೇಗನೇ ಬಂತು, ಆದರೆ ಓಣಿಯ ತಲೆಗೇ ನಿಂತಿತು. ಆ ಗಾಡಿಯ ಅಗಲವೇ ಸುಮಾರು ಆರೂವರೆ ಅಡಿ. ನಾಲ್ಕು ಜನ ದೊಡ್ಡವ್ವನನ್ನು ಹೊರಸಿನ ಮೇಲೆ ಹೊತ್ತು, ಕತ್ತಲಲ್ಲಿ ಮೆಟ್ಟಿಲಿಗೆ ಮೊಣಕಾಲು ಬಡಿಸಿಕೊಳ್ಳುತ್ತ ಗಾಡಿಯವರೆಗೆ ಬಂದೆವು. ದೊಡ್ಡವ್ವ ಉಳಿದಳು. ನಾನು ಎಡವಿದ್ದು ನಮ್ಮ ಮನೆಯ ಮೆಟ್ಟಿಲಿಗೇ.

ಇದನ್ನು ಈಗ ಬರೆಯಲು ಕಾರಣ ನಮ್ಮೂರ ಗ್ರಾಮಸಭೆಯಲ್ಲಿ ನಡೆದ ಜಗಳ. ಇನ್ನು ಮುಂದೆ ಹೊಸ ಮನೆ ಕಟ್ಟುವವರು ಸುತ್ತಲೂ 3 ಅಡಿ ಜಾಗ ಬಿಡಬೇಕು ಎಂಬ ಮಾತು ಬಂತು. ಪೇಟೆಯವರು ಸೆಟ್‌ಬ್ಯಾಕ್ ಅನ್ನುತ್ತಾರಲ್ಲ, ಅದೇ. ಸಭೆ ಎರಡು ಹೋಳಾಯಿತು. ಒಂದು ಕಡೆಯವರು, “ಪ್ಯಾಟಿಯೊಳಗೆಲ್ಲಾ ಹಂಗ ಐತಿ, ನಮ್ಮೂರು ಯಾವಾಗ ಸುಧಾರ್ಸೋದು?” ಅಂದರು. ಇನ್ನೊಂದು ಕಡೆಯವರು, “ನಮ್ಮ ಜಾಗದಾಗ ನಾವು ಕಟ್ಟಾಕತ್ತೀವಿ, ಊರಿಗೇನು ತ್ರಾಸು?” ಅಂದರು. ಕೊನೆಗೆ ಯಾವ ತೀರ್ಮಾನವೂ ಆಗದೆ ಚಹಾ ಕುಡಿದು ಎದ್ದರು.

ನನ್ನ ಪ್ರಕಾರ ಎರಡೂ ಕಡೆಯವರದು ತಪ್ಪು. ಯಾಕೆ ಅಂತ ಲೆಕ್ಕ ಹಾಕಿಯೇ ಹೇಳುತ್ತೇನೆ.

3 ಅಡಿ ಎಲ್ಲರಿಗೂ ಒಂದೇ ಅಲ್ಲ

ಮೊದಲು ಪೇಟೆಯ ನಿಯಮ ಬೇಕು ಅನ್ನುವವರಿಗೆ. ಒಬ್ಬರ ಜಾಗ 60x80 ಇದೆ ಅಂದುಕೊಳ್ಳಿ, 4800 ಚದರಡಿ. ಸುತ್ತಲೂ 3 ಅಡಿ ಬಿಟ್ಟರೆ 54x74 ಉಳಿಯುತ್ತದೆ, ಅಂದರೆ 3996 ಚದರಡಿ. ಅವರು ಬಿಟ್ಟದ್ದು ನೂರಕ್ಕೆ 17 ಪಾಲು. ಅದರಲ್ಲಿ ಎರಡು ಕಾರು ನಿಲ್ಲಿಸಿ, ಮಲ್ಲಿಗೆ ಬಳ್ಳಿಯನ್ನೂ ಹಬ್ಬಿಸಬಹುದು.

ಈಗ ಜನತಾ ಕಾಲೋನಿಯ 20x30 ಜಾಗ ನೋಡಿ. 600 ಚದರಡಿ. ಅದೇ 3 ಅಡಿ ಬಿಟ್ಟರೆ 14x24, ಅಂದರೆ 336 ಚದರಡಿ. ಇವರು ಬಿಟ್ಟದ್ದು ನೂರಕ್ಕೆ 44 ಪಾಲು! ನಿಯಮ ಒಂದೇ, ದಂಡ ಮಾತ್ರ ಬಡವನಿಗೆ ಎರಡೂವರೆ ಪಟ್ಟು.

ಇದಕ್ಕಿಂತ ಕಷ್ಟ ಹಳೇ ಊರಿನೊಳಗಿನವರದು. ಅಜ್ಜನ ಕಾಲದ 30x60 ಮನೆ ಮೂವರು ಅಣ್ಣತಮ್ಮಂದಿರಿಗೆ ಪಾಲಾಗಿದೆ. ಎಲ್ಲರಿಗೂ ಓಣಿ ಕಡೆ ಬಾಗಿಲು ಬೇಕು, ಹಾಗಾಗಿ ಉದ್ದುದ್ದ ಸೀಳಿಕೊಂಡಿದ್ದಾರೆ. ಒಬ್ಬೊಬ್ಬರಿಗೆ 10x60. ಎಡಕ್ಕೆ 3, ಬಲಕ್ಕೆ 3 ಬಿಟ್ಟರೆ ಉಳಿಯುವ ಅಗಲ 4 ಅಡಿ. ನಾಲ್ಕಡಿ ಅಗಲದಲ್ಲಿ ಯಾರಾದರೂ ಸಂಸಾರ ಮಾಡಿ ತೋರಿಸಲಿ. ಹಿಂದೆ ಮುಂದೆಯೂ ಬಿಟ್ಟ ಮೇಲೆ ಉಳಿಯುವುದು 216 ಚದರಡಿ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹಳ್ಳಿ ಮನೆಗೆ ಅಡುಗೆ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 270 ಚದರಡಿ ಇರಬೇಕು ಎಂದಿದೆ. ಅಂದಮೇಲೆ ಸರ್ಕಾರ ಸಹಾಯಧನ ಕೊಡುವ ಅತಿ ಚಿಕ್ಕ ಮನೆಯೂ ಈ ನಿಯಮದಡಿ ಆ ಜಾಗದಲ್ಲಿ ಕೂರುವುದಿಲ್ಲ.

ಪಾಲಿಸಲು ಆಗದ ನಿಯಮ ಮಾಡಿದರೆ ಜನ ಮುರಿಯುತ್ತಾರೆ. ಮುರಿದವರಿಗೆ ಒಂದು ಭಯ ಹುಟ್ಟುತ್ತದೆ. ಆ ಭಯದ ಮೇಲೆ ಯಾರೋ ಕಾಸು ಮಾಡುತ್ತಾರೆ. ಇದನ್ನು ನಾವು ಬೇರೆ ವಿಷಯಗಳಲ್ಲಿ ನೋಡಿಲ್ಲವೇ?

ಗೋಡೆಗೆ ಗೋಡೆ ಹಚ್ಚಿದರೆ ಪಾಪವಲ್ಲ

ನಮ್ಮ ಹಿರಿಯರು ಪಕ್ಕದಲ್ಲಿ ಜಾಗ ಬಿಟ್ಟು ಮನೆ ಕಟ್ಟಿದವರಲ್ಲ. ಮಾಳಿಗೆ ಮನೆಗಳನ್ನು ನೋಡಿ, ಗೋಡೆಗೆ ಗೋಡೆ ಹಚ್ಚಿಯೇ ನಿಂತಿವೆ. ಎಷ್ಟೋ ಕಡೆ ಎರಡು ಮನೆಗೆ ಒಂದೇ ಗೋಡೆ. ಆದರೂ ಒಳಗೆ ಉಸಿರು ಕಟ್ಟುತ್ತಿರಲಿಲ್ಲ. ಮಾಳಿಗೆ ಮೇಲೆ ಬೆಳಕಿಂಡಿ ಇರುತ್ತಿತ್ತು. ಹಳೇ ಮೈಸೂರು ಕಡೆ ನಡುವೆ ತೊಟ್ಟಿ ಇರುತ್ತಿತ್ತು. ಬೆಳಕು ಮೇಲಿಂದ ಬರುತ್ತಿತ್ತು, ಹೊಗೆ ಮೇಲಕ್ಕೆ ಹೋಗುತ್ತಿತ್ತು. ಪಕ್ಕದ ಮನೆಯವರ ಹಂಗು ಇರಲಿಲ್ಲ.

ನಾವು ಮಾಡಿದ ಎಡವಟ್ಟು ಏನೆಂದರೆ ಹಳೇದನ್ನೂ ಬಿಟ್ಟೆವು, ಹೊಸದನ್ನೂ ಪೂರ್ತಿ ಹಿಡಿಯಲಿಲ್ಲ. ಆರ್‌ಸಿಸಿ ಹಾಕಿ ಬೆಳಕಿಂಡಿ ಮುಚ್ಚಿದೆವು. ಕಿಟಕಿ ಇಟ್ಟೆವು, ಆದರೆ ಕಿಟಕಿಯಾಚೆ ಜಾಗ ಬಿಡಲಿಲ್ಲ. ಪಕ್ಕದವರು ಎರಡನೇ ಅಂತಸ್ತು ಏರಿಸಿದ ದಿನ ಆ ಕಿಟಕಿಗೆ ಇಟ್ಟಿಗೆ ಬಂತು. ನಮ್ಮ ಅಜ್ಜಿ ಮಲಗುವ ಕೋಣೆಯಲ್ಲಿ ಈಗ ಮಧ್ಯಾಹ್ನ ಹನ್ನೆರಡಕ್ಕೂ ಬಲ್ಬ್ ಹಾಕಬೇಕು. ಮಳೆಗಾಲದಲ್ಲಿ ಗೋಡೆ ಬೆವರುತ್ತದೆ, ಅಜ್ಜಿ ಕೆಮ್ಮುತ್ತಾಳೆ.

“ನಮ್ಮ ಜಾಗ, ನಮ್ಮ ಇಷ್ಟ”

ಈಗ ಇನ್ನೊಂದು ಕಡೆಯವರಿಗೆ. ನಿಮ್ಮ ಜಾಗ ನಿಮ್ಮದೇ, ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ನಿಮ್ಮ ಮೆಟ್ಟಿಲು ನಿಂತಿರುವುದು ಯಾರ ಜಾಗದಲ್ಲಿ? ಬೈಕ್ ಹತ್ತಿಸಲು ಹಾಕಿದ ಕಾಂಕ್ರೀಟ್ ಇಳಿಜಾರು ಚರಂಡಿಯ ಮೇಲೆ ಕೂತಿದೆಯಲ್ಲ, ಆ ಚರಂಡಿ ಯಾರದು? ಮೊದಲನೇ ಅಂತಸ್ತಿಗೆ ಹೋದ ಕೂಡಲೇ ನಿಮ್ಮ ಮನೆ ಮೂರಡಿ ಮುಂದಕ್ಕೆ ಬಂದು ಕರೆಂಟಿನ ತಂತಿಗೆ ಕೈ ಎಟಕುವಷ್ಟು ಹತ್ತಿರ ನಿಂತಿದೆಯಲ್ಲ, ಆ ಗಾಳಿ ಯಾರದು? ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವುದು ನಿಮ್ಮ ಮನೆಯ ಹೆಣ್ಣುಮಕ್ಕಳೇ ತಾನೇ?

ಸಿಮೆಂಟ್ ರಸ್ತೆಯದೂ ಒಂದು ಕಥೆ. ಹಳೇ ರಸ್ತೆ ಅಗೆಯದೆ ಅದರ ಮೇಲೆಯೇ ಹೊಸದನ್ನು ಹಾಕುತ್ತಾರೆ, ಓಣಿ ಅರ್ಧ ಅಡಿ ಏರುತ್ತದೆ. ಹೊಸ ಮನೆಯವರು ಅದಕ್ಕೆ ಹೆದರಿ ಪಾಯ ನಾಲ್ಕಡಿ ಏರಿಸುತ್ತಾರೆ. ಏರಿಸಿದ ಮೇಲೆ ಮೆಟ್ಟಿಲು ಬೇಕು, ಮೆಟ್ಟಿಲು ಓಣಿಗೆ ಇಳಿಯುತ್ತದೆ. ನಡುವೆ ಇರುವ ಹಳೇ ಮನೆಗೆ ಎಲ್ಲರ ನೀರೂ ನುಗ್ಗುತ್ತದೆ. ಆ ಮನೆಯಲ್ಲಿ ಇರುವವರು ಸಾಮಾನ್ಯವಾಗಿ ಮನೆ ಏರಿಸಲು ದುಡ್ಡಿಲ್ಲದವರು.

ಇನ್ನು ಕಾನೂನು. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಡಿ ಮನೆ ಕಟ್ಟಲು ಗ್ರಾಮ ಪಂಚಾಯ್ತಿಯ ಅನುಮತಿ ಬೇಕು. ಹಳ್ಳಿಯಲ್ಲಿ ಏನೂ ಕೇಳುವವರಿಲ್ಲ ಅನ್ನುವುದು ನಮ್ಮ ರೂಢಿ ಮಾತು ಅಷ್ಟೇ. 1882ರ ಭಾರತೀಯ ಅನುಭೋಗ ಕಾಯ್ದೆ ಇನ್ನೂ ಹಳೆಯದು. ಒಂದು ಮನೆಗೆ ಕಿಟಕಿಯಿಂದ 20 ವರ್ಷ ಅಡ್ಡಿಯಿಲ್ಲದೆ ಬೆಳಕು, ಗಾಳಿ ಬಂದಿದ್ದರೆ ಅದು ಹಕ್ಕಾಗುತ್ತದೆ ಎನ್ನುತ್ತದೆ ಅದು. ನಮ್ಮ ಅಜ್ಜಿಗೆ ಈ ವಿಷಯ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಮೂರನೆಯದು, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನಧಿಕೃತ ಕಟ್ಟಡಗಳ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನ ಕೊಟ್ಟಿತು. ಕಟ್ಟಡ ಸರಿಯಾಗಿ ಮುಗಿದಿದೆ ಎಂಬ ಪ್ರಮಾಣಪತ್ರ ನೋಡಿಯೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು ಎಂದಿತು. ಕಟ್ಟಿ ಮುಗಿಸಿ ಆಮೇಲೆ ನೋಡೋಣ ಅನ್ನುವ ಕಾಲ ಮುಗಿಯುತ್ತ ಬಂದಿದೆ.

ಹಾಗಾದರೆ ಏನು ಮಾಡಬೇಕು?

ಟೀಕೆ ಮಾಡಿ ಸುಮ್ಮನಿದ್ದರೆ ಆಗದು. ನಮ್ಮೂರ ಸಭೆಗೆ ನಾನು ಇಡುವ ಬೇಡಿಕೆಗಳು ಇವು. ನಿಮ್ಮೂರಿಗೂ ಹೊಂದಿದರೆ ಇಟ್ಟುಕೊಳ್ಳಿ.

1. ಮೊದಲು ಓಣಿ. ಪ್ರತಿ ಓಣಿಯ ಅಗಲ ಅಳೆದು, ಎರಡೂ ಕಡೆ ಗುರುತು ಹಾಕಿ, ಪಂಚಾಯ್ತಿ ಗೋಡೆ ಮೇಲೆ ಬರೆಯಬೇಕು. ಗುರುತಿನಾಚೆ ಮೆಟ್ಟಿಲು, ಇಳಿಜಾರು, ಸಜ್ಜಾ, ಬಾಲ್ಕನಿ, ಪಾಯಖಾನೆ ಗುಂಡಿ ಯಾವುದೂ ಬರಕೂಡದು. ಮೆಟ್ಟಿಲು ಬೇಕಿದ್ದರೆ ಗೋಡೆಯನ್ನು ಒಳಕ್ಕೆ ತೆಗೆದುಕೊಂಡು ಕಟ್ಟಲಿ.

2. 1200 ಚದರಡಿಗಿಂತ ಚಿಕ್ಕ ಜಾಗದಲ್ಲಿ ಪಕ್ಕದ ಗೋಡೆ ಹಚ್ಚಿ ಕಟ್ಟಲು ಬಿಡಬೇಕು. ಆದರೆ ಆ ಗೋಡೆಗೆ ಕಿಟಕಿ ಇಡಬಾರದು, ಮನೆಯೊಳಗೆ ಆಕಾಶ ಕಾಣುವ ಒಂದು ಬೆಳಕಿಂಡಿ ಇರಲೇಬೇಕು. ಪಕ್ಕದ ಮನೆಯಲ್ಲಿ ಮೊದಲಿಂದ ಕಿಟಕಿ ಇದ್ದರೆ ಅದರ ಮುಂದೆ ಮಾತ್ರ ಜಾಗ ಬಿಡಬೇಕು.

3. ದೊಡ್ಡ ಜಾಗದವರು ಹೆಚ್ಚು ಬಿಡಬೇಕು. ಅಡಿ ಲೆಕ್ಕಕ್ಕಿಂತ ಪಾಲಿನ ಲೆಕ್ಕ ಇರಲಿ. ಇದ್ದವರು ಬಿಟ್ಟರೆ ಅವರ ಮನೆಯೇನೂ ಚಿಕ್ಕದಾಗುವುದಿಲ್ಲ.

4. ಎತ್ತರ ಓಣಿಯ ಅಗಲಕ್ಕೆ ತಕ್ಕಂತಿರಲಿ. ಓಣಿ 10 ಅಡಿ ಇದ್ದರೆ ಮನೆ 20 ಅಡಿ ದಾಟದಿರಲಿ. ಕೆಳಗೊಂದು ಮೇಲೊಂದು ಅಂತಸ್ತಿಗೆ ಅದು ಸಾಕು. ಹೆಚ್ಚು ಎತ್ತರ ಬೇಕಾದವರು ದೊಡ್ಡ ರಸ್ತೆ ಬದಿಗೆ ಹೋಗಲಿ.

5. ಮಾಳಿಗೆ ನೀರು ಪೈಪಿನಲ್ಲಿ ತಮ್ಮ ಜಾಗದೊಳಗೇ ಇಳಿಯಲಿ. ಪಂಚಾಯ್ತಿಯೂ ಹಳೇ ರಸ್ತೆ ಅಗೆಯದೆ ಹೊಸ ಸಿಮೆಂಟ್ ಸುರಿಯುವುದನ್ನು ನಿಲ್ಲಿಸಲಿ. ನಿಯಮ ಜನರಿಗೆ ಮಾತ್ರ ಅಲ್ಲ.

6. ಅನುಮತಿ ಕೊಡುವ ಮೊದಲು ನಕ್ಷೆಯನ್ನು 15 ದಿನ ನೋಟಿಸ್ ಬೋರ್ಡಿಗೆ ಹಚ್ಚಲಿ, ಊರ ವಾಟ್ಸಾಪ್ ಗುಂಪಿಗೂ ಹಾಕಲಿ. ಅಕ್ಕಪಕ್ಕದವರು ಪಾಯ ತೆಗೆಯುವ ಮೊದಲು ಮಾತಾಡಲಿ. ಸ್ಲ್ಯಾಬ್ ಬಿದ್ದ ಮೇಲೆ ಮಾತಾಡಿದರೆ ಉಳಿಯುವುದು ಕೋರ್ಟು, ಕಚೇರಿ, ದ್ವೇಷ.

“ಇದೆಲ್ಲ ಲಂಚಕ್ಕೆ ಹೊಸ ದಾರಿ” ಎಂದು ಕೆಲವರು ಹೇಳುತ್ತಾರೆ. ಆ ಭಯ ಸುಳ್ಳಲ್ಲ. ಅದಕ್ಕೇ ನಾನು ಕೇಳುತ್ತಿರುವುದು ಟೇಪು ಹಿಡಿದು ಯಾರಾದರೂ ಅಳೆಯಬಹುದಾದ ನಿಯಮ. ಓಣಿ 11 ಅಡಿ ಅಂತ ಗೋಡೆ ಮೇಲೆ ಬರೆದಿದ್ದರೆ ಏಳನೇ ಕ್ಲಾಸಿನ ಹುಡುಗಿಯೂ ಅಳೆದು ಹೇಳುತ್ತಾಳೆ, ಇಲ್ಲಿ ಆರೇ ಅಡಿ ಇದೆ ಅಂತ. ಲಂಚ ಹುಟ್ಟುವುದು ಯಾರಿಗೂ ಅರ್ಥವಾಗದ, ಒಬ್ಬರ ಫೈಲಿನಲ್ಲಿ ಮಾತ್ರ ಇರುವ ನಿಯಮದಲ್ಲಿ.

ಇನ್ನೊಂದು ಮಾತು. ತೆರವು ಶುರುವಾದರೆ ಕಾಲೋನಿಯಿಂದ ಆಗಬಾರದು. ಊರ ನಡುವೆ ಎತ್ತರದ ಗೇಟು ಹಾಕಿ ಚರಂಡಿ ನುಂಗಿದವರ ಮನೆಯಿಂದ ಆಗಲಿ. ಬಡವನ ಮೆಟ್ಟಿಲು ಒಡೆದು ದೊಡ್ಡವರ ಕಾಂಪೌಂಡ್ ಬಿಟ್ಟರೆ ಈ ಲೇಖನ ಬರೆದ ನಾನೇ ಮೊದಲು ವಿರೋಧಿಸುತ್ತೇನೆ.

ನಮ್ಮ ಮನೆ ಮೆಟ್ಟಿಲಿನ ವಿಷಯ ಮುಗಿಸದೆ ಹೋದರೆ ನೀವು ಬಿಡುವುದಿಲ್ಲ. ಅಳತೆಯ ಚೀಟಿ ಅಪ್ಪನಿಗೆ ತೋರಿಸಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಎದುರಿನವ್ರು ಒಡೀಲಿ, ಆಮ್ಯಾಲೆ ನಾವು ಒಡೀತೀವಿ” ಅಂದರು. ಎದುರು ಮನೆ ಕಾಕಾನನ್ನು ಕೇಳಿದೆ. “ನಿಮ್ಮಪ್ಪ ಮೊದ್ಲು ಒಡೀಲಿ ತಮ್ಮಾ” ಅಂದರು.

ಇಬ್ಬರೂ ಕೆಟ್ಟವರಲ್ಲ. ದೊಡ್ಡವ್ವನ ಹೊರಸಿಗೆ ಹೆಗಲು ಕೊಟ್ಟ ನಾಲ್ವರಲ್ಲಿ ಕಾಕಾನೂ ಒಬ್ಬರು. ಆದರೆ ಒಬ್ಬನೇ ಒಡೆದರೆ ಅವನೊಬ್ಬನಿಗೆ ನಷ್ಟ, ಓಣಿ ಆಗಲೂ ಇಕ್ಕಟ್ಟೇ. ಇಬ್ಬರೂ ಒಂದೇ ದಿನ ಒಡೆಯಬೇಕು. ಅದನ್ನು ಹೇಳಲು ಮೂರನೆಯವರು ಬೇಕು. ಆ ಮೂರನೆಯವರೇ ಊರು, ಅಂದರೆ ಗ್ರಾಮಸಭೆ. ನಿಯಮ ಇರುವುದು ಇದಕ್ಕೇ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ನಮ್ಮೂರಲ್ಲಿ ಮುಂದಿನ ಸಭೆಗೆ ಈ ಆರು ಬೇಡಿಕೆಗಳನ್ನು ಬರೆದು ಕೊಡುತ್ತಿದ್ದೇನೆ, ಅಪ್ಪ ಮತ್ತು ಕಾಕಾ ಇಬ್ಬರ ಸಹಿಯನ್ನೂ ಕೇಳಿದ್ದೇನೆ. ಇನ್ನೂ ಹಾಕಿಲ್ಲ. ನೀವೂ ನಿಮ್ಮ ಸಭೆಗೆ ಹೋಗುವ ಮೊದಲು ಒಂದು ಟೇಪು ತೆಗೆದುಕೊಂಡು ನಿಮ್ಮ ಓಣಿ ಅಳೆಯಿರಿ. ಎದುರಿನವರ ಮೆಟ್ಟಿಲಿಗಿಂತ ಮೊದಲು ನಿಮ್ಮ ಮನೆ ಮೆಟ್ಟಿಲು ಅಳೆಯಿರಿ.